ಬೀಗರಿಬ್ಬರು ಸೇರಿ ಆರಿಸಿದ ಡಿಫರೆನ್ಷಿಯಲ್

ಹೋದ ವರ್ಷ ಹೆಮ್ಮಿಗೆ ಹತ್ತಿರದ ಒಂದು ಗದ್ದೆಯಲ್ಲಿ ನನ್ನ ಕಾರು ಹೂತುಕೊಂಡಿತು. ಹೂತುಕೊಂಡದ್ದು ದೊಡ್ಡ ವಿಷಯವಲ್ಲ, ಗದ್ದೆಯಲ್ಲಿ ಎಮ್ಮೆಯೂ ಹೂತುಕೊಳ್ಳುತ್ತದೆ. ಆದರೆ ನನ್ನ ಕಾರು ಬೀಗರ ಎದುರಿಗೆ ಹೂತುಕೊಂಡಿತು. ಮಗಳನ್ನು ಕೊಟ್ಟ ಮನೆಯ ಯಜಮಾನರು ಅವರು. ನಂಜನಗೂಡಿನಿಂದ ಇಸ್ತ್ರಿ ಮುರಿಯದ ಬಿಳಿ ಪಂಚೆ ಉಟ್ಟು ಬಂದು, ಬದುವಿನ ಪಕ್ಕ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಡಲೆಕಾಯಿ ಬಿಡಿಸುತ್ತಾ ನನ್ನ ಪರಾಕ್ರಮ ನೋಡುತ್ತಿದ್ದರು.

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಕಡೆಯ ಹುಡುಗರು ಖಾಲಿ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು ಕಾರಿನ ರೇಸು ನಡೆಸುತ್ತಾರೆ. ಒಂದೊಂದೇ ಕಾರು ಓಡುತ್ತದೆ, ಯಾರು ಬೇಗ ಸುತ್ತಿ ಬಂದರೋ ಅವರು ಗೆದ್ದರು. ಓಡಿಸುವವರಲ್ಲಿ ಐವತ್ತು ದಾಟಿದವನು ನಾನೊಬ್ಬನೇ. ತಿ. ನರಸೀಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡವನಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅಂಥವರಿಗೆ ನಾನು ಸಾಲಕ್ಕೆ ಗೊಬ್ಬರ ಕೊಡುವುದಿಲ್ಲ.

ಕಾರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದೇ ಕಾರು ಇಟ್ಟುಕೊಂಡಿರುವ ಇನ್ನಿಬ್ಬರು ಜಗಳಕ್ಕೆ ಬರುತ್ತಾರೆ. ಎರಡು ಬಾಗಿಲಿನದು, ಹಳೆಯದು, ಹಿಂದಿನ ಚಕ್ರಗಳು ತಳ್ಳುವ ಜಾತಿಯದು. ಒಂದು ಕಾಲದಲ್ಲಿ ಅದು ಮೈಸೂರಿನ ರಸ್ತೆಯಲ್ಲಿ ಹೋದರೆ ಟೀ ಅಂಗಡಿಯವರೆಲ್ಲ ಕತ್ತು ತಿರುಗಿಸುತ್ತಿದ್ದರು. ಈಗಲೂ ತಿರುಗಿಸುತ್ತಾರೆ, ಹೊಗೆ ಎಲ್ಲಿಂದ ಬಂತು ಅಂತ.

ಆ ದಿನ ಗದ್ದೆಯ ನಡುವೆ ಕಡಿದಿದ್ದ ಬದುವನ್ನು ದಾಟಿದ್ದೇ ತಡ, ನಾಲೆಯ ನೀರು ಜಿನುಗುವ ಜಾಗಕ್ಕೆ ಬಲಗಡೆಯ ಹಿಂಚಕ್ರ ಇಳಿಯಿತು. ನಾನು ಆಕ್ಸಿಲರೇಟರ್ ಒತ್ತಿದೆ. ಬಲಚಕ್ರ ಗಿರಗಿರನೆ ಸುತ್ತಿತು. ಎಡಚಕ್ರ ಒಣನೆಲದ ಮೇಲಿತ್ತು, ಅಲುಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಕೆಸರು ಎದ್ದು ಬೀಗರ ಪಂಚೆಯ ಮೇಲೆ ಬಿತ್ತು. ಕೊನೆಗೆ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ, ಜನ ಶಿಳ್ಳೆ ಹೊಡೆಯುತ್ತಿರುವಾಗ ನನ್ನನ್ನು ಎಳೆದರು.

ಬೀಗರು ಪಂಚೆ ಕೊಡವಿಕೊಂಡು ಬಂದು ಬಹಳ ಮರ್ಯಾದೆಯಿಂದ ಹೇಳಿದರು: "ಬೀಗ್ರೇ, ಒಂದ್ ಚಕ್ರ ದುಡೀತಾ ಇತ್ತು. ಇನ್ನೊಂದು ನನ್ ಜೊತೇಲಿ ಕೂತ್ಕಂಡು ನೋಡ್ತಾ ಇತ್ತು."

ಮನೆಗೆ ಬಂದು ಕಾಲು ತೊಳೆಯುತ್ತಾ ನಾನು ಡಿಫರೆನ್ಷಿಯಲ್ಲನ್ನು ಬಯ್ದೆ. ನನ್ನ ಹೆಂಡತಿ ಟವೆಲು ಕೊಟ್ಟು, "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದು ಅಡುಗೆಮನೆಗೆ ಹೋದಳು.

ಅವಳಿಗೆ ಏನು ಗೊತ್ತು? ಹಿಂದಿನ ಎರಡು ಚಕ್ರಗಳ ನಡುವೆ ಒಂದು ಗಿಯರಿನ ಗೂಡು ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡೂ ತಮ್ಮ ತಮ್ಮ ವೇಗದಲ್ಲಿ ಸುತ್ತಲಿ ಎಂದು ಇದನ್ನು ಇಟ್ಟಿರುತ್ತಾರೆ. ಇದರ ದೋಷ ಏನೆಂದರೆ, ಒಂದು ಚಕ್ರ ಜಾರಿದರೆ ಇಂಜಿನ್ನಿನ ಶಕ್ತಿಯೆಲ್ಲ ಆ ಜಾರುವ ಚಕ್ರದಲ್ಲೇ ಸುತ್ತಿ ಪೋಲಾಗುತ್ತದೆ, ನೆಲ ಕಚ್ಚಿ ನಿಂತ ಚಕ್ರಕ್ಕೆ ಏನೂ ಸಿಗುವುದಿಲ್ಲ. ಕೆಲವು ತಾಯಂದಿರು ಕೆಲಸ ಮಾಡದ ಮಗನಿಗೇ ಮೊದಲು ಬಡಿಸುತ್ತಾರಲ್ಲ, ಹಾಗೆ. ಇದಕ್ಕೆ ಮದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಒಂದು ಚಕ್ರ ಮಿತಿಮೀರಿ ಜಾರಲು ಅದು ಬಿಡುವುದಿಲ್ಲ, ಇನ್ನೊಂದಕ್ಕೂ ಪಾಲು ಕೊಡಿಸುತ್ತದೆ. ಅದನ್ನು ಹಾಕಿಸಿಯೇ ತೀರುತ್ತೇನೆ ಎಂದು ಅವತ್ತೇ ಪ್ರತಿಜ್ಞೆ ಮಾಡಿದೆ.

ಪ್ರತಿಜ್ಞೆ ಮಾಡಿ ಒಂದು ವರ್ಷ ಸುಮ್ಮನಿದ್ದೆ. ಈ ಸಲ ಕೊಯ್ಲು ಹತ್ತಿರ ಬಂದಾಗ ಮಗಳು ಬಂದು ಕೇಳಿದಳು. ಅವಳಿಗೆ ತಿ. ನರಸೀಪುರದ ಒಂದು ಶಾಲೆಯಲ್ಲಿ ಮೇಷ್ಟ್ರ ಕೆಲಸ. ನಂಜನಗೂಡಿನ ಗಂಡನ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ, ಮಧ್ಯಾಹ್ನ ನಮ್ಮಲ್ಲಿ ಊಟ. ಮದುವೆಗೆ ಮುಂಚೆ ನಮ್ಮ ಗದ್ದೆಯ ಕೆಸರು ಉಳುಮೆಗೆ ಟ್ರ್ಯಾಕ್ಟರ್ ಇಳಿಸುತ್ತಿದ್ದವಳು ಅವಳು. ಟ್ರ್ಯಾಕ್ಟರಿನಲ್ಲಿ ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು ಬೇರೆ ಬೇರೆ ಬ್ರೇಕು ಇರುತ್ತವೆ. ಎರಡನ್ನೂ ಕಾಲು ಹಾರ್ಮೋನಿಯಂ ಮೆಟ್ಟಿದಂತೆ ಮೆಟ್ಟಿ ತಿರುಗಿಸುತ್ತಿದ್ದಳು. ಮದುವೆಯಾದ ಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಅಳಿಯ ಒಳ್ಳೆಯವನು, ಆದರೆ ಅವನಿಗೆ ಕಾರು ಹತ್ತಿದರೆ ವಾಂತಿ.

"ಅಪ್ಪ, ಈ ಸಲ ರೇಸಲ್ಲಿ ನಾನು ಓಡಿಸ್ತೀನಿ" ಎಂದಳು.

"ಯಾಕವ್ವ, ನಾನಿಲ್ವ?"

"ಸ್ಕೂಲಲ್ಲಿ ಮೇಡಂ ಅಂತಾರೆ, ಅಲ್ಲಿ ಸೊಸೆ ಅಂತಾರೆ, ಇಲ್ಲಿ ಮಗಳು ಅಂತಾರೆ. ಗಾಡಿ ಓಡಿಸುವಾಗ ಮಾತ್ರ ನಾನು ನಾನೇ ಆಗಿರ್ತೀನಿ ಕಣಪ್ಪ. ಅದು ಬಿಟ್ಟು ಮೂರು ವರ್ಷ ಆಯ್ತು."

ಇದನ್ನು ಹೇಳುವಾಗ ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿದ್ದಳು. ಆಗಲಿ ಎಂದೆ. ಆದರೆ ನಾನು ಆಗಲಿ ಎಂದರೆ ಆಗುತ್ತದೆಯೇ? ಅವಳು ಇನ್ನೊಬ್ಬರ ಮನೆಯ ಸೊಸೆ. ಬೀಗರು ಒಪ್ಪಬೇಕು.

ಬೀಗರು ಬೇಡ ಎನ್ನಲಿಲ್ಲ. ಷರತ್ತು ಹಾಕಿದರು. ಫೋನಿನಲ್ಲಿ ಅವರು ಹೇಳಿದ ಮಾತು ಹೀಗಿತ್ತು: "ಓಡುಸ್ಲಿ ಬುಡಿ, ನಂದೇನಿಲ್ಲ. ಆದ್ರೆ ಆ ಕಾರ್‌ಗೆ ಸರ್ಯಾದ್ ಡಿಫ್ರೆನ್ಸಲ್ ಆಕ್ಸೋಗಂಟ ನಮ್ ಸೊಸೆ ಅದ್ರಲ್ಲಿ ಕೂರಂಗಿಲ್ಲ. ಅಷ್ಟ್ ಜನದ್ ಮುಂದೆ ಟ್ರ್ಯಾಕ್ಟರ್ ಕೈಲಿ ಎಳುಸ್ಕೊಳ್ಳೋದು ನಿಮ್ಗಾದ್ರೆ ಅಭ್ಯಾಸ ಐತೆ."

ನಾನು ಹಲ್ಲು ಕಚ್ಚಿಕೊಂಡು "ತಾವು ಹೇಳಿದಂಗೇ ಆಗ್ಲಿ" ಎಂದೆ. ಮೈಸೂರಿನ ಗ್ಯಾರೇಜಿನವನಿಗೆ ಫೋನು ಮಾಡಿದೆ. ಕೊಯಮತ್ತೂರಿನಿಂದ ತರಿಸಬಹುದು, ಎರಡು ಜಾತಿ ಇದೆ ಎಂದ. ಒಂದು ಪ್ಲೇಟಿನದು: ಒಳಗೆ ತೆಳುವಾದ ಉಕ್ಕಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು ಎರಡು ಚಕ್ರವನ್ನೂ ಕಟ್ಟಿಹಾಕುತ್ತವೆ. ಒಂದು ಚಕ್ರ ಗಾಳಿಯಲ್ಲಿದ್ದರೂ ಇದು ಎಳೆಯುತ್ತದೆ. ಆದರೆ ಬಿಗಿ ತಿರುವಿನಲ್ಲಿ ಕಟಕಟ ಎನ್ನುತ್ತದೆ, ಬೇರೆ ಎಣ್ಣೆ ಬೇಡುತ್ತದೆ, ಬಿಲ್ಲೆ ಸವೆದರೆ ಬಿಚ್ಚಬೇಕು. ಇನ್ನೊಂದು ಗಿಯರಿನದು: ಸದ್ದಿಲ್ಲ, ಸವೆತ ಕಡಿಮೆ, ಹಾಕಿ ಮರೆತುಬಿಡಬಹುದು. ಆದರೆ ಒಂದು ಚಕ್ರ ಪೂರ್ತಿ ನೆಲ ಬಿಟ್ಟು ಎದ್ದರೆ ಇದು ಕೈಕಟ್ಟಿ ಕೂರುತ್ತದೆ. ಇಷ್ಟು ಹೇಳಿ ಅವನು, "ಸಾ, ಓಡ್ಸೋರು ಯಾರು, ಎಂಗೆ ಓಡುಸ್ತಾರೆ, ಅದ್ರ ಮೇಲೆ..." ಎಂದು ಇನ್ನೇನೋ ಕೇಳಹೊರಟ. ಗಿರಾಕಿ ಬಂದರೆಂದು ನಾನು ಫೋನಿಟ್ಟೆ.

ನನ್ನ ತೀರ್ಮಾನ ಆಗಿತ್ತು. ಪ್ಲೇಟಿನದೇ. ಆದರೆ ಬೀಗರಿಗೆ ನಂಜನಗೂಡಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಗಿಯರುಗಳ ನಡುವೆಯೇ ತಲೆ ನರೆತವರು. ಅವರ ತೀರ್ಮಾನ ಗಿಯರಿನದು.

ಈಗ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಬೀಗರ ಜೊತೆ ಎದುರೆದುರು ವಾದ ಮಾಡುವ ಪದ್ಧತಿ ಇಲ್ಲ. ಅದರಲ್ಲೂ ಹೆಣ್ಣು ಕೊಟ್ಟವರು ಮಾಡಲೇಬಾರದು. ಮುಖ ನೋಡಿದಾಗ ತಾವು, ಬನ್ನಿ, ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ, ಇಷ್ಟೇ. ಹೇಳಬೇಕಾದ ಮಾತನ್ನು ನಡುವೆ ಓಡಾಡುವವರ ಕೈಲಿ ಹೇಳಿ ಕಳಿಸಬೇಕು. ನಡುವೆ ಓಡಾಡುವವಳು ನನ್ನ ಮಗಳು. ಬೆಳಿಗ್ಗೆ ಆ ಮನೆಯ ಪಲ್ಯದ ಡಬ್ಬಿ ಇಲ್ಲಿಗೆ ತರುತ್ತಿದ್ದಳು, ಸಂಜೆ ಈ ಮನೆಯ ಸಾರಿನ ಡಬ್ಬಿ ಅಲ್ಲಿಗೆ ಒಯ್ಯುತ್ತಿದ್ದಳು. ಡಬ್ಬಿಯ ಜೊತೆ ಡಿಫರೆನ್ಷಿಯಲ್ಲೂ ಹೋಗಿಬರತೊಡಗಿತು.

"ನಿಮ್ಮ ಮಾವನಿಗೆ ಹೇಳು, ಬದು ದಾಟುವಾಗ ಚಕ್ರ ಮೇಲೆ ಏಳುತ್ತೆ, ಗಿಯರಿಂದು ಅಲ್ಲೇ ಕೈಕೊಡುತ್ತೆ ಅಂತ."

ಮಾರನೆಯ ದಿನ ಹುರುಳಿಕಾಯಿ ಪಲ್ಯದೊಂದಿಗೆ ಉತ್ತರ ಬಂತು: "ಪ್ಲೇಟು ಇರೋದು ಊಟಕ್ಕೆ, ಗಿಯರು ಇರೋದು ಗಾಡಿಗೆ ಅಂತ ಹೇಳವ್ವ ನಿಮ್ಮಪ್ಪಂಗೆ, ಅಂದ್ರು."

"ಹಾಗಾದ್ರೆ ಅವರ ಅಂಗಡೀಲಿ ಮಾರೋ ಕ್ಲಚ್ ಪ್ಲೇಟಿನಲ್ಲಿ ಅನ್ನ ಉಣ್ತಾರಾ, ಕೇಳು."

ಇದನ್ನು ಅವಳು ಹಾಗೇ ಕೇಳಿರಲಾರಳು. ಕೇಳಿದ್ದರೆ ಮಾರನೆಯ ದಿನ ಪಲ್ಯ ಬರುತ್ತಿರಲಿಲ್ಲ. ನಡುವೆ ಎಲ್ಲೋ ಬಸ್ಸಿನಲ್ಲಿ ಅವಳು ಮಾತಿನ ಖಾರ ತೆಗೆಯುತ್ತಿದ್ದಳು ಎಂದು ಈಗ ಅನಿಸುತ್ತದೆ. ಅಂಗಡಿಗೆ ಬಂದ ಗಿರಾಕಿಗಳೂ ಸುಮ್ಮನಿರಲಿಲ್ಲ. ಯೂರಿಯಾ ಕೇಳಲು ಬಂದವನೊಬ್ಬ, "ಎರಡೂ ಬ್ಯಾಡ ಸಾ, ಇರೋದ್ನೇ ವೆಲ್ಡಿಂಗ್ ಮಾಡ್ಸಿ ಒಂದ್ ಮಾಡ್ಬುಡಿ" ಎಂದ. ಹಾಗೆ ಮಾಡಿದರೆ ಕಾರು ನೇರ ಹೋಗುತ್ತದೆ, ತಿರುಗುವುದಿಲ್ಲ. ಅವನೂ ಅಂಥವನೇ, ಒಂದು ಸಲ ಕೂತರೆ ಏಳುವುದಿಲ್ಲ.

ಹೀಗೆ ದಿನ ಹೋಯಿತು. ಗದ್ದೆಗಳು ಒಂದೊಂದಾಗಿ ಖಾಲಿಯಾದವು. ಮಗಳು ಊಟಕ್ಕೆ ಕೂತಾಗ ಏನೂ ಕೇಳುತ್ತಿರಲಿಲ್ಲ, ಕಿಟಕಿಯಿಂದ ಶೆಡ್ಡಿನ ಕಡೆ ನೋಡುತ್ತಿದ್ದಳು. ಅದನ್ನು ನೋಡಿ ನನ್ನ ಹೆಂಡತಿ ಭಾನುವಾರ ಬೀಗರನ್ನು ಊಟಕ್ಕೆ ಕರೆದಳು. ನಾಟಿ ಕೋಳಿ ಸಾರು, ಮುದ್ದೆ. ಅವರು ಬರುವ ಮುಂಚೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: "ಇವತ್ತು ಅವ್ರು ಏನಂದ್ರೂ ಊಂ ಅನ್ನಿ. ಗಿಯರೋ ಪ್ಲೇಟೋ ಮಣ್ಣೋ. ಮಗ್ಳು ಮುಖ ನೋಡಿದೀರಾ?"

ನೋಡಿದ್ದೆ. ಸೋಲಲು ತಯಾರಾಗಿ ಕೂತೆ. ನಂಜನಗೂಡಿನ ಹಿತ್ತಲಲ್ಲಿ ಬೀಗಿತ್ತಿಯೂ ತಮ್ಮ ಗಂಡನಿಗೆ ಇದೇ ಪಾಠ ಹೇಳಿ ಕರೆತಂದಿದ್ದಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಮೊದಲ ಮುದ್ದೆ ಮುಗಿಯುತ್ತಿದ್ದಂತೆ ಬೀಗರು ಗಂಟಲು ಸರಿಮಾಡಿಕೊಂಡರು. "ಬೀಗ್ರೇ, ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನೀವ್ ಯೋಳಿದ್ದೇ ಸರಿ. ಪ್ಲೇಟಿಂದೇ ಆಕ್ಸಿ."

"ಎಲ್ಲಾದ್ರೂ ಉಂಟಾ!" ಎಂದೆ ನಾನು. "ತಾವು ದೊಡ್ಡೋರು. ಗಿಯರ್ ಅಂದ್ಮೇಲೆ ಗಿಯರೇ."

"ಇಲ್ಲ ಇಲ್ಲ. ಬದು ತಾವ ಚಕ್ರ ಏಳ್ತದೆ ಅಂದಿದ್ರಲ್ಲ, ಅದು ದಿಟ. ಗಿಯರಿಂದು ಅಲ್ಲಿ ಕೆಲ್ಸಕ್ ಬರಾಕಿಲ್ಲ."

"ಅದೇನ್ ಮಹಾ ಏಳುತ್ತೆ? ಪ್ಲೇಟು ಅಂದ್ರೆ ಎಣ್ಣೆ, ಸದ್ದು, ಬಿಚ್ಚೋದು, ಹಾಕೋದು. ಯಾರಿಗೆ ಬೇಕು? ತಾವು ಹೇಳಿದ್ದು ನೂರಕ್ಕೆ ನೂರು."

"ಸದ್ ಬಂದ್ರೆ ಬರ್ಲಿ ಬುಡಿ! ಗಾಡಿ ಅಂದ್ಮೇಲೆ ಸದ್ದು ಇರಕಿಲ್ವಾ?" ಬೀಗರ ದನಿ ಏರಿತು.

ನನ್ನದೂ ಏರಿತು. ನಾನು ಸೋಲಲು ಕಷ್ಟಪಟ್ಟು ಮನಸ್ಸು ಮಾಡಿಕೊಂಡು ಬಂದಿದ್ದೇನೆ, ನನಗಿಂತ ಮುಂಚೆ ಅವರು ಸೋತುಬಿಟ್ಟರೆ ಕೋಪ ಬರುವುದಿಲ್ಲವೇ? ಅವರು ನನ್ನ ವಾದಗಳನ್ನೆಲ್ಲ ನನ್ನ ಮೇಲೇ ಎಸೆದರು. ನಾನು ಅವರ ವಾದಗಳನ್ನು ಅವರ ಮೇಲೆ ಎಸೆದೆ. ಒಂದು ಹಂತದಲ್ಲಿ ನಾನು, "ಪ್ಲೇಟು ಇರೋದು ಊಟಕ್ಕೆ!" ಎಂದು ತಟ್ಟೆ ಕುಟ್ಟಿ ಹೇಳಿದೆ. ಹೆಂಗಸರಿಬ್ಬರೂ ಬಡಿಸುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಮಾತು ಮುಗಿಯಲಿಲ್ಲ, ಊಟ ಮುಗಿಯಿತು. ಬೀಗರು ಎಲೆ ಅಡಿಕೆ ಹಾಕಿಕೊಂಡು, "ನಿಮ್ ಇಷ್ಟದಂಗೇ ಆಗ್ಬೇಕು, ಅಷ್ಟೇಯ" ಎಂದು ಕೊನೆಯ ಬಾಣ ಬಿಟ್ಟರು. ನಾನು, "ತಮ್ಮ ಇಷ್ಟ ಮೀರಿ ಈ ಮನೇಲಿ ಏನೂ ನಡೆಯಲ್ಲ" ಎಂದು ತಿರುಗಿಸಿ ಬಿಟ್ಟೆ.

ಅವರು ಜಗಲಿ ಇಳಿಯುವಾಗ ಮಗಳು ಗೂಟದಿಂದ ಕಾರಿನ ಕೀ ತೆಗೆದುಕೊಂಡಳು. "ಅಪ್ಪ, ಮಾವ, ಕಾರನ್ನ ನಾನೇ ಮೈಸೂರಿಗೆ ತಗೊಂಡು ಹೋಗಿ ಸರಿ ಮಾಡಿಸ್ತೀನಿ. ನೀವಿಬ್ರೂ ಇನ್ನು ಮಾತಾಡ್ಬೇಡಿ" ಎಂದಳು. ಶಾಲೆಯಲ್ಲಿ ಆ ದನಿಗೆ ಇಡೀ ತರಗತಿ ಸುಮ್ಮನಾಗುತ್ತದಂತೆ. ನಾವೂ ಸುಮ್ಮನಾದೆವು.

ಕೆಲವು ದಿನ ಕಾರು ಮೈಸೂರಿನಲ್ಲಿತ್ತು. ಬಂದ ಮೇಲೆ ಯಾವುದು ಹಾಕಿಸಿದೆ ಎಂದು ಕೇಳಿದರೆ, "ಎಲ್ಲಾ ಸರಿ ಇದೆ, ಅವತ್ತು ಬಂದು ಕೂತ್ಕೊಳಿ" ಎಂದಳು. ಬೀಗರಿಗೂ ಅದೇ ಉತ್ತರ. ನಾನು ಲೆಕ್ಕ ಹಾಕಿದೆ: ದಿನ ಬೆಳಗಾದರೆ ಅವಳು ಬಾಳಬೇಕಾದ್ದು ಆ ಮನೆಯಲ್ಲಿ, ಮಾವನ ಗಿಯರಿನದೇ ಹಾಕಿಸಿರುತ್ತಾಳೆ. ಬೀಗರು ಬೇರೆ ಲೆಕ್ಕ ಹಾಕಿದ್ದರು: ಎಷ್ಟಾದರೂ ಹೆತ್ತಪ್ಪ, ಅಪ್ಪನ ಪ್ಲೇಟಿನದೇ ಹಾಕಿಸಿರುತ್ತಾಳೆ.

ರೇಸಿನ ದಿನ ಅದೇ ಗದ್ದೆ, ಅದೇ ಕಡಿದ ಬದು, ಅದೇ ಜಿನುಗುವ ಜಾಗ. ಈ ಸಲ ನಾನೂ ಬೀಗರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅವರು ಕಡಲೆಕಾಯಿ ಪೊಟ್ಟಣವನ್ನು ನನ್ನ ಕಡೆ ಚಾಚಿದರು. ನನಗೆ ಏನೂ ಸೇರಲಿಲ್ಲ. ಒಂದು ವರ್ಷದ ಹಿಂದೆ ನಾನು ಹೂತುಕೊಂಡೆ, ಅದು ನಗೆಪಾಟಲು. ಇವಳು ಹೂತುಕೊಂಡರೆ ಇನ್ನು ಯಾವತ್ತೂ ಆ ಸೀಟಿನಲ್ಲಿ ಕೂರುವುದಿಲ್ಲ, ಕೂರು ಎನ್ನಲು ನನಗೂ ಬಾಯಿ ಇರುವುದಿಲ್ಲ.

ಬಾವುಟ ಬಿತ್ತು. ಕಾರು ಹೊರಟು ಮೊದಲ ತಿರುವು ತಿರುಗುವಾಗ ಕಟಕ್ ಎಂದಿತು.

"ಕೇಳ್ಸ್ತಾ ಬೀಗ್ರೇ? ಪ್ಲೇಟು! ನಾ ಯೋಳ್ಲಿಲ್ವಾ, ನಿಮ್ದೇ ಆಕ್ಸವ್ಳೆ" ಎಂದರು ಬೀಗರು.

"ಅದು ಸೈಲೆನ್ಸರ್ ಬಿಡಿ. ಎಷ್ಟು ನುಣ್ಣಗೆ ತಿರುಗ್ತು ನೋಡಿ, ಇದು ತಮ್ಮ ಗಿಯರೇ."

ಅಷ್ಟರಲ್ಲಿ ಬದು ಬಂತು. ಕಾರು ಒಂದು ಪಕ್ಕಕ್ಕೆ ಎಗರಿತು, ಬಲಗಡೆಯ ಹಿಂಚಕ್ರ ನೆಲ ಬಿಟ್ಟು ಎದ್ದದ್ದು ಕಂಡಿತು, ಮತ್ತೆ ಕೆಳಗಿಳಿದು ನೇರ ಜಿನುಗಿನೊಳಕ್ಕೆ ಹೋಯಿತು. ಚಕ್ರ ಗಿರಗಿರನೆ ಸುತ್ತಿತು. ಕೆಸರು ಎದ್ದಿತು. ನಾನು ಎದ್ದು ನಿಂತೆ. ಬೀಗರೂ ಎದ್ದರು, ಮಡಿಲಲ್ಲಿದ್ದ ಕಡಲೆಕಾಯಿಯೆಲ್ಲ ಗದ್ದೆಗೆ ಹೋಯಿತು. ಇಬ್ಬರ ಬಾಯಿಂದಲೂ ಒಂದೇ ಸಲ "ಅವ್ವಾ" ಎಂದು ಬಂತು. ಆಗ ಇಂಜಿನ್ನಿನ ದನಿ ಯಾರೋ ಹಿಡಿದುಕೊಂಡಂತೆ ಚೂರು ತಗ್ಗಿತು. ಎಡಚಕ್ರ ನೆಲ ಕಚ್ಚಿತು. ಕಾರು ಎದ್ದು ಹೊರಗೆ ಬಂದು, ಕೊನೆಯ ಗೆರೆಯತ್ತ ಓಡಿತು. ಜನ ಶಿಳ್ಳೆ ಹೊಡೆದರು. ಇದು ಬೇರೆ ಥರದ ಶಿಳ್ಳೆ.

ಬೀಗರು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ ಪ್ಲೇಟು ಗೆಲ್ತು ಬೀಗ್ರೇ!"

"ತಮ್ಮ ಗಿಯರು! ತಮ್ಮ ಗಿಯರು!"

ಬಹುಮಾನ ಬನ್ನೂರಿನ ಹುಡುಗನಿಗೆ ಹೋಯಿತು, ಅದರ ಮಾತು ಬೇಡ. ಮಗಳು ಹೆಲ್ಮೆಟ್ ತೆಗೆದು ನಮ್ಮ ಹತ್ತಿರ ಬಂದಳು. ಮುಖವೆಲ್ಲ ಬೆವರು. ಮೂರು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೀಗರು ತಡೆಯಲಾರದೆ ಕೇಳಿದರು: "ಈಗಾದ್ರೂ ಯೋಳವ್ವ, ಯಾವ್ದು ಆಕ್ಸ್‌ದೆ?"

"ಯಾವ್ದೂ ಹಾಕಿಸಿಲ್ಲ ಮಾವ."

ನಾವಿಬ್ಬರೂ ಕುರ್ಚಿಯಲ್ಲಿ ಕೂತೆವು.

"ನೀವಿಬ್ರೂ ಒಂದು ಹೇಳಿದ್ರೆ ತಾನೇ ತರಿಸೋದು? ಹಳೇದೇ ಇದೆ. ಹ್ಯಾಂಡ್ ಬ್ರೇಕ್ ಬಿಗಿ ಮಾಡಿಸ್ದೆ, ಹಿಂದಿನ ಟೈರ್ ಬದಲಾಯಿಸ್ದೆ, ಅಷ್ಟೇ. ಚಕ್ರ ಸುತ್ತಕ್ಕೆ ಶುರು ಮಾಡಿದ ತಕ್ಷಣ ಹ್ಯಾಂಡ್ ಬ್ರೇಕ್ ಸ್ವಲ್ಪ ಎಳೆದೆ. ಸುತ್ತೋ ಚಕ್ರಕ್ಕೆ ತಡೆ ಕೊಟ್ರೆ ಶಕ್ತಿ ಇನ್ನೊಂದಕ್ಕೆ ಹೋಗುತ್ತೆ. ಕೆಸರು ಉಳುವಾಗ ಟ್ರ್ಯಾಕ್ಟರಲ್ಲಿ ನೀವೇ ಕಲಿಸಿದ್ದಲ್ವ ಅಪ್ಪ, ಸುತ್ತೋ ಕಡೆ ಬ್ರೇಕ್ ಮೆಟ್ಟು ಅಂತ?"

ಕಲಿಸಿದ್ದೆ. ಟ್ರ್ಯಾಕ್ಟರಿಗೆ ಕಲಿಸಿದ್ದನ್ನು ಕಾರಿನಲ್ಲಿ ಕೂತಾಗ ನಾನೇ ಮರೆತಿದ್ದೆ. ಹಿಂದೆ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಲು ಧೈರ್ಯ ಬರಲಿಲ್ಲ. ಅವಳು ಗಾದೆಯನ್ನು ಮತ್ತೆ ಹೇಳಲಿಲ್ಲ, ನೀರಿನ ಬಾಟಲಿ ಕೊಟ್ಟಳು.

ಬೀಗರ ಮುಖ ಗಂಭೀರವಾಯಿತು. "ಸರ್ಯಾದ್ದು ಆಕ್ಸೋಗಂಟ ಕೂರಂಗಿಲ್ಲ ಅಂದಿದ್ನಲ್ಲವ್ವ ನಾನು" ಎಂದರು, ಮೆಲ್ಲಗೆ.

ಮಗಳು ತಲೆ ತಗ್ಗಿಸಲಿಲ್ಲ. "ಅಂದಿದ್ರಿ ಮಾವ. ತಪ್ಪಾಗಿದ್ರೆ ಬಯ್ಯಿರಿ. ಆದ್ರೆ ಎರಡು ಮನೆಯಲ್ಲೂ ಇಷ್ಟು ದಿನ ಇದೇ ಮಾತು. ಅಪ್ಪನ್ನ ಕೇಳಿದ್ರಿ, ನಿಮ್ಮನ್ನ ಅವರು ಕೇಳಿದ್ರು. ಓಡಿಸೋಳು ನಾನು. ನಿನಗೆ ಯಾವ್ದು ಬೇಕು ಅಂತ ನನ್ನ ಒಬ್ರಾದ್ರೂ ಕೇಳಿದ್ರಾ?"

ಗ್ಯಾರೇಜಿನವನು ಕೇಳಹೊರಟದ್ದು, ನಾನು ಫೋನಿಟ್ಟದ್ದು ನೆನಪಾಯಿತು. ಮದುವೆಗೆ ಮುಂಚೆ, ಹುಡುಗ ಒಪ್ಪಿಗೆಯಾ ಎಂದು ಅವಳನ್ನು ಕೇಳಿದ್ದೆವು, ಅದು ನಮ್ಮ ಮನೆತನದ ಹೆಮ್ಮೆ. ಡಿಫರೆನ್ಷಿಯಲ್ ವಿಷಯದಲ್ಲಿ ಅಷ್ಟನ್ನೂ ಮಾಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಬೀಗರು ಪಂಚೆಯ ಮೇಲಿನ ಕಡಲೆಕಾಯಿ ಸಿಪ್ಪೆ ಕೊಡವಿದರು. ಬಹಳ ಹೊತ್ತು ಕೊಡವಿದರು. ಆಮೇಲೆ ತಲೆ ಎತ್ತಿ, "ಸರಿ ಕಣವ್ವ. ಈಗ ಕೇಳ್ತಾ ಇವ್ನಿ. ಬರೋ ವರ್ಸಕ್ಕೆ ನಿಂಗೆ ಯಾವ್ದು ಬೇಕು?" ಎಂದರು.

ಬರೋ ವರ್ಷಕ್ಕೆ ಎಂದದ್ದು ಮೊದಲು ಕೇಳಿಸಿದ್ದು ನನ್ನ ಹೆಂಡತಿಗೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಗಳು ಸ್ವಲ್ಪವೂ ತಡಮಾಡಲಿಲ್ಲ. "ಪ್ಲೇಟಿಂದು ಮಾವ. ಬದು ಹತ್ರ ಚಕ್ರ ಎದ್ದೇ ಏಳುತ್ತೆ. ಆದ್ರೆ ಬಿಲ್ಲೆ ಬಿಗಿ ಸ್ವಲ್ಪ ಕಮ್ಮಿ ಮಾಡಿಸ್ಬೇಕು, ಇಲ್ಲಾಂದ್ರೆ ತಿರುವಲ್ಲಿ ಹಟ ಮಾಡುತ್ತೆ."

"ನಾನೂ ಅದನ್ನೇ ಹೇಳಿದ್ದು!" ಎಂದೆ ನಾನು.

"ನಾನೂ ಅದ್ನೇ ಯೋಳಿದ್ದು!" ಎಂದರು ಬೀಗರು.

ಇಬ್ಬರೂ ಹೇಳಿದ್ದು ನಿಜವೇ. ಗಿಯರಿನದು ಎಂದಿದ್ದರೂ ಇಬ್ಬರೂ ಹೀಗೇ ಹೇಳುತ್ತಿದ್ದೆವು, ಅದೂ ನಿಜವೇ ಆಗುತ್ತಿತ್ತು.

ಹೊತ್ತು ಇಳಿಯುತ್ತಿತ್ತು. ಹೆಂಗಸರು ಆಟೋ ಹತ್ತಿದರು. ಮಗಳು ಕಾರಿನ ಕೀಯನ್ನು ನನ್ನ ಕಡೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ, ನೀನೇ ಓಡಿಸು ಎಂದೆ. ಬೀಗರು ಕೆಸರಾದ ಪಂಚೆ ಎತ್ತಿ ಕಟ್ಟಿ ಸೊಸೆಯ ಪಕ್ಕದ ಸೀಟಿನಲ್ಲಿ ಕೂರುವವರಿದ್ದರು, ಹೆಣ್ಣು ಕೊಟ್ಟವನಿಗೆ ಮುಂದಿನ ಸೀಟು ಸಲ್ಲುವುದಿಲ್ಲ. ಎರಡೇ ಬಾಗಿಲಿನ ಕಾರಿನಲ್ಲಿ ಮುಂದಿನ ಸೀಟು ಮಡಿಸಿ, ಬೆನ್ನು ಬಗ್ಗಿಸಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಹಿಂದೆ ತೂರಿಕೊಂಡೆ. ಇಷ್ಟು ವರ್ಷದಲ್ಲಿ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಅಲ್ಲಿಂದ ಅವಳ ಎರಡು ಕೈಗಳೂ ಚೆನ್ನಾಗಿ ಕಾಣುತ್ತಿದ್ದವು.